ಕಂಪ್ಯೂಟರಿನ ವ್ಯಾಟ್ ಕೇಳುವ ಮೊದಲು ಮನೆಯ ಕರೆಂಟ್ ನೋಡಿ

ನಮ್ಮ ಕಾಸರಗೋಡಿನ ಹುಡುಗರು ಈಗ ಕಂಪ್ಯೂಟರನ್ನು ತಾವೇ ಜೋಡಿಸುತ್ತಿದ್ದಾರೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ, ಎಲ್ಲಾ ಕಡೆ. ಸಾಮಾನು ಮಂಗಳೂರಿನಿಂದಲೋ ಆನ್‌ಲೈನಿನಲ್ಲೋ ಬರುತ್ತದೆ, ಜೋಡಣೆ ಮನೆಯ ಚಾವಡಿಯಲ್ಲೇ ಆಗುತ್ತದೆ. ನೋಡಿದರೆ ಖುಷಿಯಾಗುತ್ತದೆ. ಆದರೆ ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿ ಕೊಡುವ ಪೆಟ್ಟಿಗೆ, ಅದರ ವಿಷಯ ಬಂದಾಗ ಎಲ್ಲರೂ ಕೇಳುವುದು ಒಂದೇ: "ಅಣ್ಣಾ, 550 ವ್ಯಾಟ್ ಸಾಕಾ, 750 ಬೇಕಾ?"

ನೇರವಾಗಿ ಹೇಳುತ್ತೇನೆ. ನಮ್ಮ ಊರಿನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ನಿಮ್ಮ ಮನೆಗೆ ಬರುವ ಕರೆಂಟ್ ಹೇಗಿದೆ ಅನ್ನುವುದು ಮೊದಲನೆಯದು.

ವ್ಯಾಟಿನ ಲೆಕ್ಕ ಸುಲಭ, ಬೇಗ ಮುಗಿಸುತ್ತೇನೆ. ರೈಜನ್ 5 7600 ಪ್ರೊಸೆಸರ್ ಪೂರ್ತಿ ದುಡಿದರೂ ಸುಮಾರು 88 ವ್ಯಾಟ್. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡು 115. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ 50–60 ಇಟ್ಟುಕೊಳ್ಳಿ. ಒಟ್ಟು 260ರ ಆಸುಪಾಸು. ಒಳ್ಳೆಯ ಕಂಪನಿಯ 550 ಧಾರಾಳವಾಗಿ ಸಾಕು. ನಾಳೆ ದೊಡ್ಡ ಕಾರ್ಡು ಹಾಕುವ ಯೋಚನೆ ಇದ್ದರೆ 750 ತಗೊಳ್ಳಿ, ಅದರ ಮೇಲೆ ಎಟಿಎಕ್ಸ್ 3.0 ಅಥವಾ 3.1 ಅಂತ ಇರಲಿ, ಅದು ಎಸ್‌ಎಂಪಿಎಸ್‌ಗಳ ಮಾನದಂಡದ ಹೆಸರು. ದೊಡ್ಡ ಕಾರ್ಡುಗಳು ಮಧ್ಯೆ ಮಧ್ಯೆ ತಟಕ್ಕನೆ ಎಳೆಯುವ ಜಾಸ್ತಿ ಕರೆಂಟನ್ನು ತಡೆದುಕೊಳ್ಳಲಿ ಅಂತಲೇ 2022ರಲ್ಲಿ 3.0 ಬಂದದ್ದು.

ಆದರೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವ್ಯಾಟನ್ನು ಸುಮ್ನೆ ನಂಬಬೇಡಿ. ಅಗ್ಗದ ಕ್ಯಾಬಿನೆಟ್ ಜೊತೆಗೇ ಒಂದು "450 ವ್ಯಾಟ್" ಎಸ್‌ಎಂಪಿಎಸ್ ಬರುತ್ತದಲ್ವಾ, ಅದರ ಲೇಬಲ್ ಓದಿ. +12 ವೋಲ್ಟಿನ ಎದುರು 14 ಆಂಪ್ ಅಂತ ಇದ್ದರೆ 12ರಿಂದ ಗುಣಿಸಿ. ಬರುವುದು 168 ವ್ಯಾಟ್. ಪ್ರೊಸೆಸರಿಗೂ ಕಾರ್ಡಿಗೂ ಮುಖ್ಯವಾಗಿ ಬೇಕಾದ್ದು ಈ 12 ವೋಲ್ಟೇ. ಈಗಿನ ಸರಿಯಾದ 450ರಲ್ಲಿ ಅಲ್ಲಿ 36–37 ಆಂಪ್ ಇರುತ್ತದೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ಸಣ್ಣ ಅಕ್ಷರದಲ್ಲಿ ಬರೆದು ಮಾರುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಈಗ ಅದೇ ಲೇಬಲ್ಲಿನಲ್ಲಿ "ಎಸಿ ಇನ್‌ಪುಟ್" ಎಂಬ ಸಾಲು ಹುಡುಕಿ. ಹೆಚ್ಚಿನವರು ಓದದೆ ಬಿಡುವ ಸಾಲು ಇದು. ಕೆಲವದರಲ್ಲಿ 100–240 ವೋಲ್ಟ್ ಅಂತ ಇರುತ್ತದೆ, ಕೆಲವದರಲ್ಲಿ 200–240. ಯಾವಾಗಲೂ 230 ಸರಿಯಾಗಿ ಬರುವ ಮನೆಯಲ್ಲಿ ಇದರಿಂದ ಏನೂ ವ್ಯತ್ಯಾಸ ಗೊತ್ತಾಗದು. ನಮ್ಮಲ್ಲಿ ಹಾಗಲ್ಲ. ಜನವರಿ ಕಳೆದು ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಬಿಡಲು ಶುರು ಮಾಡಿದರೆ, ಒಂದೇ ಟ್ರಾನ್ಸ್‌ಫಾರ್ಮರಿನಲ್ಲಿ ಎಷ್ಟೋ ಪಂಪುಗಳು ಒಟ್ಟಿಗೆ ಓಡುತ್ತವೆ. ಲೈನಿನ ಕೊನೆಯ ಮನೆಗೆ 170–180 ವೋಲ್ಟ್ ಬಂದರೆ ಆಶ್ಚರ್ಯವಿಲ್ಲ. ಒಂದು ಮಲ್ಟಿಮೀಟರ್ ತಂದು ಪಂಪು ಓಡುವ ಹೊತ್ತಿಗೆ ನೀವೇ ನೋಡಿ. 200ರಿಂದ ಶುರುವಾಗುವ ಎಸ್‌ಎಂಪಿಎಸ್ ಅಂಥ ಮನೆಯಲ್ಲಿ ಬೇಸಿಗೆ ಇಡೀ ತನ್ನ ಮಿತಿಯಿಂದ ಹೊರಗೇ ದುಡಿಯುತ್ತಿರುತ್ತದೆ.

ವೋಲ್ಟೇಜ್ ಕಡಿಮೆಯಾದರೆ ಬಲ್ಬು ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ. ಎಸ್‌ಎಂಪಿಎಸ್ ಹಾಗೆ ಬಿಟ್ಟುಕೊಡುವುದಿಲ್ಲ. ಕಂಪ್ಯೂಟರಿಗೆ 300 ವ್ಯಾಟ್ ಬೇಕೆಂದರೆ ಅದು ಕೊಟ್ಟೇ ತೀರಬೇಕು. ಹಾಗಾಗಿ ವೋಲ್ಟ್ ಇಳಿದಷ್ಟೂ ಲೈನಿನಿಂದ ಆಂಪ್ ಜಾಸ್ತಿ ಎಳೆಯುತ್ತದೆ. 230ರಲ್ಲಿ 1.3 ಆಂಪ್ ಎಳೆಯುತ್ತಿದ್ದದ್ದು 170ಕ್ಕೆ ಇಳಿದಾಗ 1.76 ಆಗುತ್ತದೆ. ಒಳಗಿನ ಬಿಸಿ ಏರುವುದು ಹೀಗೆ. ಅದೂ ಏಪ್ರಿಲ್ ಸೆಕೆಯಲ್ಲಿ.

ಪಕ್ಕದ ತೋಟದಲ್ಲಿ ಪಂಪು ಸ್ಟಾರ್ಟ್ ಆದಾಗ ಲೈಟು ಒಮ್ಮೆ ಮುಳುಗಿ ಏಳುತ್ತದೆ, ನೀವೂ ನೋಡಿರುತ್ತೀರಿ. ಮೋಟರು ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಗಳಿಗೆಯಲ್ಲಿ ಕೆಲವರ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಕೆಲವರದ್ದು ಅಲ್ಲಾಡುವುದಿಲ್ಲ. ಕಾರಣ ಒಳಗಿರುವ ದೊಡ್ಡ ಕೆಪಾಸಿಟರಿನಲ್ಲಿ ಎಷ್ಟು ಶಕ್ತಿ ತುಂಬಿದೆ ಅನ್ನುವುದರಲ್ಲಿದೆ. ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಸಮವಾಗಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್, ತನ್ನ ಇನ್‌ಪುಟ್ ಮಿತಿಯೊಳಗೆ ಲೈನಿನಲ್ಲಿ ಎಷ್ಟೇ ಬರಲಿ, ಅದನ್ನು ಎತ್ತಿ ಸುಮಾರು 380–400 ವೋಲ್ಟಿನಲ್ಲಿ ಆ ಕೆಪಾಸಿಟರಿಗೆ ತುಂಬುತ್ತದೆ. ಪಿಎಫ್‌ಸಿ ಇಲ್ಲದ ಅಗ್ಗದ್ದರಲ್ಲಿ 230 ಇದ್ದಾಗ 325 ವೋಲ್ಟ್ ನಿಂತರೆ, 170 ಇದ್ದಾಗ ನಿಲ್ಲುವುದು ಬರೀ 240. ಅಂದರೆ ಕೂಡಿಟ್ಟ ಶಕ್ತಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿರುತ್ತದೆ. ಕರೆಂಟ್ ಒಂದು ಕ್ಷಣ ತಡವರಿಸಿದರೂ ಅದು ಕೈಬಿಡುತ್ತದೆ. ಆದ್ದರಿಂದ ನಾನು ಯಾರು ಕೇಳಿದರೂ ಹೇಳುವುದು ಇಷ್ಟೇ: 100–240 ಇನ್‌ಪುಟ್, ಆಕ್ಟಿವ್ ಪಿಎಫ್‌ಸಿ, ಆಮೇಲೆ ವ್ಯಾಟ್.

ಇನ್ನು ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಗುರುತಿನ ಬ್ರಾಂಜ್, ಗೋಲ್ಡ್ ದರ್ಜೆಗಳ ಮಾತು. 80 ಪ್ಲಸ್ ಗುರುತು ಹೇಳುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಕೆಲಸಕ್ಕೆ ಸಿಕ್ಕಿತು, ಎಷ್ಟು ಬಿಸಿಯಾಗಿ ಹೋಯಿತು ಅನ್ನುವುದನ್ನು. ಆ ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ. ನಮ್ಮ ಹಂಚಿನ ಮಾಡಿನ ಕೋಣೆ ಏಪ್ರಿಲ್‌ನಲ್ಲಿ 23 ಡಿಗ್ರಿ ಇರುತ್ತದಾ? ಶಾರ್ಟ್ ಆದರೆ ತಾನಾಗಿ ನಿಲ್ಲುತ್ತದಾ, 12 ವೋಲ್ಟ್ ಅಲುಗದೆ ಬರುತ್ತದಾ ಎಂಬುದನ್ನು ಆ ಗುರುತು ಹೇಳುವುದಿಲ್ಲ. ಆದರೂ ಕೈಗೆ ಎಟಕುವುದಾದರೆ ಗೋಲ್ಡ್ ತಗೊಳ್ಳಿ ಅನ್ನುತ್ತೇನೆ. ಅಗಲವಾದ ಇನ್‌ಪುಟ್, 105 ಡಿಗ್ರಿ ಬಿಸಿ ತಾಳುವ ಕೆಪಾಸಿಟರ್, ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ವಾರಂಟಿ ಹೆಚ್ಚಾಗಿ ಒಟ್ಟಿಗೇ ಸಿಗುವುದು ಅಲ್ಲಿ. ಬಣ್ಣದ ಲೈಟಿನ ಫ್ಯಾನಿಗೆ ಸುರಿಯುವ ದುಡ್ಡನ್ನು ಇಲ್ಲಿ ಹಾಕಿ.

ಅರ್ತಿಂಗ್ ಬಗ್ಗೆ ಮಾತಾಡದಿದ್ದರೆ ಇದೆಲ್ಲ ಅರ್ಧ ಮಾತು. ಬರಿಗಾಲಲ್ಲಿ ಕೂತು ಕ್ಯಾಬಿನೆಟಿನ ಹಿಂದಿನ ಸ್ಕ್ರೂ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. "ಎಸ್‌ಎಂಪಿಎಸ್ ಹಾಳಾಗಿದೆ" ಅಂತ ಬದಲಿಸುತ್ತಾರೆ, ಹೊಸದರಲ್ಲೂ ಅದೇ ಜುಮ್. ಎಸ್‌ಎಂಪಿಎಸ್ ಒಳಗೆ ಲೈನಿನ ಗಲಾಟೆ ತಡೆಯಲು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಹೊರಗಿನ ಲೋಹದ ಕವಚಕ್ಕೆ ಪುಟ್ಟ ಕೆಪಾಸಿಟರುಗಳನ್ನು ಕೊಟ್ಟಿರುತ್ತಾರೆ. ಅವುಗಳ ಮೂಲಕ ಜಿನುಗುವ ಚೂರು ಕರೆಂಟ್ ಮೂರನೇ ಪಿನ್ನಿನಿಂದ ನೆಲಕ್ಕೆ ಹೋಗಬೇಕು. ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ ಸುಮಾರು 115 ವೋಲ್ಟಿನಲ್ಲಿ ತೇಲುತ್ತಾ ಇರುತ್ತದೆ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಹಳೆಯ ಅರ್ತ್ ಕಂಬಿ ಇದ್ದೂ ಇಲ್ಲದಂತೆ. ವಯರಿಂಗಿನವರನ್ನು ಕರೆದು ಅಳೆಸಿ, ಬೇಕಾದರೆ ಹೊಸ ಗುಂಡಿ ತೆಗೆಸಿ. ಮೂರು ಪಿನ್ನನ್ನು ಎರಡು ಮಾಡುವ ಅಡಾಪ್ಟರನ್ನು ಮಾತ್ರ ಮನೆಯೊಳಗೆ ಸೇರಿಸಬೇಡಿ.

ಸಿಡಿಲಿನ ಹೊತ್ತಿಗೆ ಯಾವ ಗೋಲ್ಡೂ ಕಾಪಾಡದು. ಅಕ್ಟೋಬರ್, ನವೆಂಬರಿನ ಸಂಜೆ ಮಳೆ ಗೊತ್ತಲ್ಲಾ. ಸ್ವಿಚ್ ಆಫ್ ಮಾಡಿದರೆ ಸಾಕಾಗುವುದಿಲ್ಲ, ಅದು ಫೇಸನ್ನು ಮಾತ್ರ ಕಡಿಯುತ್ತದೆ. ಪ್ಲಗ್ ಎಳೆಯಿರಿ. ರೂಟರಿನಿಂದ ಬರುವ ಲ್ಯಾನ್ ವಯರನ್ನೂ ತೆಗೆಯಿರಿ.

"ಯುಪಿಎಸ್ ಇದೆಯಲ್ಲಾ" ಅಂತ ಕೆಲವರು ಹೇಳುತ್ತಾರೆ. ಒಳ್ಳೆಯದೇ. ಕಡಿಮೆ ವೋಲ್ಟೇಜನ್ನು ಅದು ಸ್ವಲ್ಪ ಎತ್ತಿಯೂ ಕೊಡುತ್ತದೆ. ಆದರೆ ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್. ದೊಡ್ಡ ಕಾರ್ಡು, ಮಾನಿಟರ್ ಎರಡನ್ನೂ ಅದಕ್ಕೇ ಕೊಟ್ಟರೆ ಆಟದ ನಡುವೆ ಕರೆಂಟ್ ಹೋದಾಗ ಎಲ್ಲವೂ ಒಟ್ಟಿಗೆ ಆರುತ್ತದೆ.

ಈಗಾಗಲೇ 200–240ರದ್ದನ್ನು ಕೊಂಡವರು ಹೆದರಿ ಎಸೆಯಬೇಕಾಗಿಲ್ಲ. ಮೊದಲು ವೋಲ್ಟೇಜ್ ಅಳೆಯಿರಿ. 200ರ ಕೆಳಗೆ ಇಳಿಯುವುದಾದರೆ ಕಂಪ್ಯೂಟರಿಗೆ ಸಾಲುವಷ್ಟು ದೊಡ್ಡ ಸ್ಟೆಬಿಲೈಸರ್ ಹಾಕಿ, ಪಂಪು ಓಡುವ ಹೊತ್ತಿನಲ್ಲಿ ಭಾರೀ ಆಟ, ವಿಡಿಯೋ ರೆಂಡರಿಂಗ್ ಬೇಡ. ಮುಂದೆ ಬದಲಿಸುವಾಗ ಹಳೆಯ ಮಾಡ್ಯುಲರ್ (ಎಸ್‌ಎಂಪಿಎಸ್‌ನಿಂದ ಬಿಡಿಸಿ ತೆಗೆಯಬಹುದಾದ) ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಸರಿಯಾಗಿ ಕೂತಂತೆಯೇ ಕಾಣುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಹಾರ್ಡ್‌ಡಿಸ್ಕ್ ಸುಟ್ಟೀತು. ಮನೆಯ ವೋಲ್ಟೇಜ್ ಎಷ್ಟು ಬರುತ್ತದೆ, ಲೇಬಲ್ಲಿನಲ್ಲಿ ಏನಿದೆ ಅಂತ ಫೋಟೋ ಸಮೇತ ಇಲ್ಲಿ ಹಾಕಿ, ನನಗೆ ತಿಳಿದಷ್ಟು ಹೇಳುತ್ತೇನೆ.