ಸತ್ಯಾಂಶ: ಚೆಂಡು ಹಿಸುಕಿದರೆ ಸಂಜ್ಞಾ ಭಾಷಾ ದುಭಾಷಿಗಳ ಕೈನೋವು ಹೋಗುತ್ತದೆಯೇ?

ಕೈ ನೋಯುತ್ತಿದ್ದರೂ ಕೆಲಸ ನಿಲ್ಲಿಸಬೇಡಿ, ರಬ್ಬರ್ ಚೆಂಡು ಹಿಸುಕಿ, ಕೈ ಗಟ್ಟಿಯಾಗಿ ನೋವು ತಾನೇ ಹೋಗುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಕಳುಹಿಸುವವರದು ಕಾಳಜಿಯೇ. ಆದರೆ ಮಾತನ್ನು ಕಿವುಡರಿಗಾಗಿ ಕೈಸನ್ನೆಗಳಲ್ಲಿ ತಿಳಿಸುವ ಸಂಜ್ಞಾ ಭಾಷಾ ದುಭಾಷಿಗಳಿಗೆ ಈ ಸಲಹೆ ಸರಿಯಲ್ಲ.

ಅವರ ನೋವಿಗೆ ಕಾರಣ ಕೈಯ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಬಿಡುವಿಲ್ಲದ ದುಡಿಮೆ. ಧಾರವಾಡದ ಸಭಾಂಗಣವೊಂದನ್ನು ನೆನೆಸಿಕೊಳ್ಳಿ: ಭಾಷಣಕಾರರು ವೇಗ ಹೆಚ್ಚಿಸಿದರೆ ವೇದಿಕೆಯ ಅಂಚಿನಲ್ಲಿ ನಿಂತ ದುಭಾಷಿಯ ಬೆರಳುಗಳೂ ಓಡಲೇಬೇಕು. ಮಣಿಕಟ್ಟು ಬಾಗುತ್ತದೆ, ಭುಜ ಬಿಗಿಯುತ್ತದೆ, ಸ್ನಾಯುವನ್ನು ಎಲುಬಿಗೆ ಜೋಡಿಸುವ ಸ್ನಾಯುರಜ್ಜುಗಳು ದಣಿಯುತ್ತವೆ. ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ನರ ಒತ್ತಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ಕಾರ್ಯಕ್ರಮದ ನಂತರ ಚಹಾದ ಲೋಟ ಹಿಡಿಯುವುದೂ ಕಷ್ಟವಾಗಬಹುದು. ಆಗ ಚೆಂಡು ಹಿಸುಕುವುದೆಂದರೆ ದಣಿದ ಕೈಗೆ ಮತ್ತಷ್ಟು ದುಡಿಮೆ. ವ್ಯಾಯಾಮ ಬೇಕು, ಆದರೆ ಫಿಸಿಯೋಥೆರಪಿಸ್ಟ್ ಕೈ ನೋಡಿ ಹೇಳಿದ ಮೇಲೆ.

ನೋವು ಬಾರದಂತೆ ತಡೆಯುವುದು ಆಯೋಜಕರ ಕೈಯಲ್ಲೂ ಇದೆ. ದೀರ್ಘ ಕಾರ್ಯಕ್ರಮಕ್ಕೆ ಇಬ್ಬರನ್ನು ಕರೆಯಬೇಕು, ಸುಮಾರು 20 ನಿಮಿಷಕ್ಕೊಮ್ಮೆ ಅವರು ಬದಲಾಗಬೇಕು, ಭಾಷಣದ ಪ್ರತಿಯನ್ನು ಮೊದಲೇ ಕೊಡಬೇಕು. ಖರ್ಚು ಉಳಿಸಲು ಒಬ್ಬರನ್ನೇ ಎರಡು ಗಂಟೆ ನಿಲ್ಲಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇಂಥ ಸಂದೇಶ ಬಂದಾಗ, ಯಾವ ತೊಂದರೆಗೆ, ಯಾವ ಹಂತದಲ್ಲಿ ಎಂದು ಬರೆದಿದೆಯೇ ನೋಡಿ. ಎಲ್ಲ ಕೈನೋವಿಗೂ ಒಂದೇ ಮದ್ದು ಎಂದಿದ್ದರೆ ಅಲ್ಲೇ ಅನುಮಾನಿಸಿ. ಆ ಸಾಲನ್ನು ಅಂತರ್ಜಾಲದಲ್ಲಿ ಹುಡುಕಿ, ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲೂ ವಿಚಾರಿಸಿ. ಎಷ್ಟು ಹೊತ್ತು ಕೆಲಸ ಮಾಡಿದಿರಿ, ನೋವು ಯಾವಾಗ ಶುರುವಾಯಿತು ಎಂದು ಒಂದು ವಾರ ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೂ ಅನುಕೂಲ.