ಎರಡು ಚುನಾವಣೆ, ಅದೇ ಶೇಕಡಾ 17

ಜೂನ್ ತಿಂಗಳು ಬಂದರೆ ಸಾಕು, ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕಾಮನಬಿಲ್ಲಿನ ಬಾವುಟದ ಚಿತ್ರ ಹಾಕುತ್ತಾರೆ. ಸಲಿಂಗಿಗಳ ಹೆಮ್ಮೆಯ ತಿಂಗಳಲ್ಲವೇ. ಇನ್ನೊಬ್ಬರು ಅದರ ಕೆಳಗೆ ಲೋರಿ ಲೈಟ್‌ಫುಟ್ ಅವರ ಫೋಟೋ ಅಂಟಿಸುತ್ತಾರೆ. 2019ರಲ್ಲಿ ಗೆದ್ದು 2023ರಲ್ಲಿ ಸೋತ ಶಿಕಾಗೋದ ಮೇಯರ್ ಅವರು, ಕಪ್ಪು ಸಮುದಾಯದ ಸಲಿಂಗಿ ಹೆಂಗಸು. ಮೂರನೆಯವರು ಷರಾ ಬರೆಯುತ್ತಾರೆ. ಈ ಸಲದ ಷರಾ ಹೀಗಿತ್ತು: "ಪಾಪ, ಓದಿದ ಬಿಳಿಯರು ಒಪ್ಪಿಕೊಂಡರು, ಅವರದೇ ಜನ ಒಪ್ಪಿಕೊಳ್ಳಲಿಲ್ಲ. ಆ ಚರ್ಚಿನವರು ಬಿಡುತ್ತಾರೆಯೇ?" ಅದಕ್ಕೆ ಸಾಲಾಗಿ ಹೆಬ್ಬೆರಳುಗಳು ಬಿದ್ದವು. ಅಲ್ಲೇ ಉತ್ತರ ಬರೆಯಲು ಕುಳಿತೆ, ಉದ್ದವಾಯಿತು, ಅಳಿಸಿದೆ. ಗುಂಪಿನಲ್ಲಿ ಹಬ್ಬದ ಅಡುಗೆಯ ಪಟ್ಟಿ ನಡೆಯುತ್ತಿರುವಾಗ ವಾರ್ಡುವಾರು ಮತ ಲೆಕ್ಕ ಇಡುವವಳನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ಷರಾ ತಪ್ಪು ಎನ್ನುವುದಕ್ಕಿಂತ ತಲೆಕೆಳಗು ಎನ್ನುವುದು ಸರಿ.

ನಾನಿರುವುದು ಶಿಕಾಗೋದ ಉತ್ತರ ತುದಿಯ ರೋಜರ್ಸ್ ಪಾರ್ಕ್‌ನಲ್ಲಿ. ಮಿಷಿಗನ್ ಸರೋವರ ನಡೆದುಹೋಗುವಷ್ಟು ಹತ್ತಿರ, ಕರಿಬೇವು ಬೇಕಾದರೆ ಡೆವನ್ ಅವೆನ್ಯೂಗೆ ಬಸ್ಸು. 2019ರಲ್ಲೂ 2023ರಲ್ಲೂ ಇಲ್ಲಿಯೇ ಮತ ಹಾಕಿದ್ದೇನೆ. ಮೊದಲ ಸಲ ಲೈಟ್‌ಫುಟ್ ಅವರಿಗೆ, ಎರಡನೆಯ ಸಲ ಬೇರೆಯವರಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

2019ರ ಏಪ್ರಿಲ್‌ನಲ್ಲಿ ಲೈಟ್‌ಫುಟ್ ಗೆದ್ದಾಗ ಹಾಸನದಿಂದ ಅಮ್ಮ ಫೋನ್ ಮಾಡಿದ್ದರು. ಟಿವಿಯಲ್ಲಿ ನೋಡಿದ್ದರಂತೆ. "ಅವರ ಯಜಮಾನರು ಏನು ಮಾಡುತ್ತಾರೆ?" ಎಂದರು. ಯಜಮಾನರಿಲ್ಲಮ್ಮ, ಹೆಂಡತಿ ಇದ್ದಾರೆ, ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಒಬ್ಬಳು ಮಗಳಿದ್ದಾಳೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಲೈಬ್ರರಿಯವರೇ? ಹಾಗಾದರೆ ಗಲಾಟೆಯ ಜನ ಅಲ್ಲ ಬಿಡು" ಎಂದರು. ಅಮ್ಮನ ಮಟ್ಟಿಗೆ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ನಮ್ಮ ಪತ್ರಿಕೆಗಳು ಮಾತ್ರ ಇಂಥವರನ್ನು ಇನ್ನೂ 'ಸಲಿಂಗಕಾಮಿ' ಎಂದೇ ಬರೆಯುತ್ತವೆ. ಮೂವತ್ತು ವರ್ಷ ನ್ಯಾಯಾಲಯ, ಆಯೋಗ, ಕಚೇರಿಗಳಲ್ಲಿ ದುಡಿದ ಹೆಂಗಸಿನ ಹೆಸರಿನ ಹಿಂದೆ 'ಕಾಮ' ಏಕೆ ಬರಬೇಕು? ಅವರಿಗಿಂತ ಮೊದಲು ಮೇಯರ್ ಆಗಿದ್ದ ರಾಮ್ ಇಮ್ಯಾನ್ಯುಯಲ್ ಅವರ ವಿಷಯದಲ್ಲಿ ಯಾರಿಗೂ ಆ ಶಬ್ದ ನೆನಪಾಗಲಿಲ್ಲವಲ್ಲ.

ಇನ್ನು 'ಮೊದಲಿಗರು' ಎಂಬ ಬಿರುದು. ತಾನು ಸಲಿಂಗಿ ಎಂಬುದನ್ನು ಬಚ್ಚಿಡದ ಕಪ್ಪು ಮೇಯರ್ ಎಂದರೆ ಲೈಟ್‌ಫುಟ್ ಮೊದಲಿಗರಲ್ಲ. ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಕೆನ್ ರೀವ್ಸ್ 1992ರಲ್ಲೇ ಆ ಕುರ್ಚಿಯಲ್ಲಿ ಕುಳಿತಿದ್ದರು. ಅದೇ ಊರಿನಲ್ಲಿ 2008ರಲ್ಲಿ ಡೆನಿಸ್ ಸಿಮನ್ಸ್ ಮೇಯರ್ ಆದರು. ಆದರೆ ಕೇಂಬ್ರಿಡ್ಜ್‌ನಲ್ಲಿ ಮೇಯರ್‌ನನ್ನು ಆರಿಸುವವರು ಕೌನ್ಸಿಲರ್‌ಗಳು, ತಮ್ಮೊಳಗಿನಿಂದಲೇ ಒಬ್ಬರನ್ನು. ಇಪ್ಪತ್ತೇಳು ಲಕ್ಷ ಜನರ ಶಿಕಾಗೋದಲ್ಲಿ ನೇರ ಮತ ಪಡೆದು ಗೆದ್ದದ್ದು ಲೈಟ್‌ಫುಟ್ ಅವರ ಸಾಧನೆ. ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆ ಮತ ಎಲ್ಲಿಂದ ಬಂತು ಎಂಬುದಷ್ಟೇ ನನ್ನ ಪ್ರಶ್ನೆ.

ಇಲ್ಲಿಯ ಮೇಯರ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಫೆಬ್ರವರಿಯಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುತ್ತಾರೆ. ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರು ಏಪ್ರಿಲ್‌ನಲ್ಲಿ ಮತ್ತೆ ಸೆಣಸುತ್ತಾರೆ. 2019ರಲ್ಲಿ ನಿಂತವರು 14 ಮಂದಿ. ಲೈಟ್‌ಫುಟ್ ಶುರುವಿನಲ್ಲಿ ಆ ಸಾಲಿನ ತುದಿಯಲ್ಲೆಲ್ಲೋ ಇದ್ದರು. ಒಹಾಯೋದ ಮ್ಯಾಸಿಲನ್ ಎಂಬ ಉಕ್ಕಿನ ಊರಿನವರು, ಕಿವಿ ಕೇಳಿಸದ ತಂದೆ ಸಿಕ್ಕ ಕೆಲಸಗಳನ್ನೆಲ್ಲ ಮಾಡಿ ಸಂಸಾರ ಸಾಕಿದ ಮನೆಯವರು, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಕೇಂದ್ರ ಸರಕಾರದ ಪ್ರಾಸಿಕ್ಯೂಟರ್ ಆದವರು. ಭ್ರಷ್ಟ ಆಲ್ಡರ್‌ಮನ್‌ನ, ಎಂದರೆ ವಾರ್ಡಿನ ಕೌನ್ಸಿಲರ್‌ನ, ಮೊಕದ್ದಮೆ ನಡೆಸಿದ್ದರು. ಹಿಂದೆ ಯಾವ ಚುನಾಯಿತ ಹುದ್ದೆಯೂ ಇರಲಿಲ್ಲ.

ಆಗ ಅವರಿಗೆ ಒಲಿದದ್ದು ಅದೃಷ್ಟ ಎನ್ನಬೇಕೋ, ಎಡ್ ಬರ್ಕ್ ಎನ್ನಬೇಕೋ. 1969ರಿಂದ ಕೌನ್ಸಿಲ್‌ನಲ್ಲಿ ಕುಳಿತಿದ್ದ ಈ ಆಲ್ಡರ್‌ಮನ್ ಮೇಲೆ 2019ರ ಜನವರಿಯಲ್ಲಿ ಕೇಂದ್ರದ ತನಿಖೆಗಾರರು ಸುಲಿಗೆಯ ಆರೋಪ ಹೊರಿಸಿದರು. ತನ್ನ ವಾರ್ಡಿನ ಬರ್ಗರ್ ಅಂಗಡಿ ನವೀಕರಣಕ್ಕೆ ಪರವಾನಗಿ ಬೇಕೆಂದರೆ ಅದರ ಮಾಲೀಕರು ತನ್ನ ತೆರಿಗೆ ವಕೀಲಿಕೆಗೆ ಕೆಲಸ ಕೊಡಬೇಕು ಎಂಬ ಧಾಟಿ ಅವರದು. ಆ ಕೆಸರು ಹತ್ತಿರ ನಿಂತಿದ್ದವರಿಗೆಲ್ಲ ಸಿಡಿಯಿತು. ಮುಂಚೂಣಿಯಲ್ಲಿದ್ದ ಅಭ್ಯರ್ಥಿ ಟೋನಿ ಪ್ರೆಕ್‌ವಿಂಕಲ್ ಅವರಿಗೂ, ಬರ್ಕ್ ಅವರಿಂದ ದೇಣಿಗೆಯ ನೆರವು ಪಡೆದಿದ್ದಾರೆ ಎಂದು. ಊರಿನ ಹಳೆಯ ರಾಜಕೀಯ ಯಂತ್ರಕ್ಕೆ ಅಂಟಿಕೊಂಡಿಲ್ಲದ ಮುಖ ಯಾವುದು ಎಂದು ನಾವು ಉತ್ತರದವರು ಹುಡುಕಿದಾಗ ಲೈಟ್‌ಫುಟ್ ಕಂಡರು. ಫೆಬ್ರವರಿಯಲ್ಲಿ ಅವರಿಗೆ ಬಂದದ್ದು ಶೇಕಡಾ 17.5. ಮೊದಲ ಸ್ಥಾನ!

ಈಗ ವಾರ್ಡುಗಳನ್ನು ನೋಡಿ. ಆ ಮತ ಹೆಚ್ಚಾಗಿ ಬಂದದ್ದು ಸರೋವರದ ದಂಡೆಯ ಉತ್ತರದ ವಾರ್ಡುಗಳಿಂದ, ಎಂದರೆ ನಮ್ಮಂಥವರಿಂದ. ದಕ್ಷಿಣ ಮತ್ತು ಪಶ್ಚಿಮದ ಕಪ್ಪು ಸಮುದಾಯದ ವಾರ್ಡುಗಳಲ್ಲಿ ಹೆಚ್ಚಿನ ಕಡೆ ಮುಂದಿದ್ದವರು ವಿಲ್ಲಿ ವಿಲ್ಸನ್ ಎಂಬ ಶ್ರೀಮಂತ ವ್ಯಾಪಾರಿ, ಚರ್ಚುಗಳಿಗೆ ಕೈಯೆತ್ತಿ ದಾನ ಮಾಡುವವರು. ಎರಡನೆಯ ಸುತ್ತಿನ ಪ್ರಚಾರದಲ್ಲಿ ದಕ್ಷಿಣದ ಕೆಲವು ಚರ್ಚುಗಳ ಬಳಿ ಲೈಟ್‌ಫುಟ್ ಅವರ ಸಂಸಾರವನ್ನು ಹೀಯಾಳಿಸುವ ಕರಪತ್ರಗಳು ಕಾಣಿಸಿಕೊಂಡದ್ದು ನಿಜ. ನಮ್ಮ ಗುಂಪಿನವರ ನೆನಪಿನಲ್ಲಿ ಉಳಿದಿರುವುದು ಆ ಕರಪತ್ರ ಮಾತ್ರ. ಅದೇ ತಿಂಗಳು ಚರ್ಚುಗಳ ಆಪ್ತರಾದ ವಿಲ್ಲಿ ವಿಲ್ಸನ್ ಲೈಟ್‌ಫುಟ್ ಅವರಿಗೇ ಬೆಂಬಲ ಘೋಷಿಸಿದ್ದು ಯಾರಿಗೂ ನೆನಪಿಲ್ಲ.

ಕಪ್ಪು ಸಮುದಾಯದ ಹೋರಾಟಗಾರರಿಗೆ ಆಗ ಲೈಟ್‌ಫುಟ್ ಅವರ ಮೇಲಿದ್ದ ಗಟ್ಟಿ ಸಿಟ್ಟು ಹೆಂಡತಿಯ ಕಾರಣಕ್ಕಲ್ಲ, ಪೊಲೀಸರ ಕಾರಣಕ್ಕೆ. ಅವರು ಪೊಲೀಸರ ಶಿಸ್ತಿನ ಪ್ರಕರಣಗಳನ್ನು ತೀರ್ಮಾನಿಸುವ ಪೊಲೀಸ್ ಮಂಡಳಿಯ ಅಧ್ಯಕ್ಷೆಯಾಗಿದ್ದವರು. 2014ರ ಅಕ್ಟೋಬರ್‌ನಲ್ಲಿ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ ಹದಿನೇಳರ ಹುಡುಗನಿಗೆ ಪೊಲೀಸನೊಬ್ಬ 16 ಗುಂಡು ಹೊಡೆದ. ಆ ವಿಡಿಯೋವನ್ನು ನಗರಾಡಳಿತ ಒಂದು ವರ್ಷಕ್ಕೂ ಮೇಲೆ ಹೊರಬಿಡಲಿಲ್ಲ. ನ್ಯಾಯಾಲಯ ಹೇಳಿದ ಮೇಲೆ ಹೊರಬಂತು, ಊರು ಹೊತ್ತಿಕೊಂಡಿತು. ಆಗ ರಚಿಸಿದ ಕಾರ್ಯಪಡೆಯ ಮುಖ್ಯಸ್ಥೆ ಲೈಟ್‌ಫುಟ್. 2016ರ ಅವರ ವರದಿ ಇಲಾಖೆಯೊಳಗಿನ ಜನಾಂಗಭೇದವನ್ನು ಮುಚ್ಚುಮರೆಯಿಲ್ಲದೆ ಬರೆಯಿತು. ಬರೆದದ್ದು ಸರಿ, ಮಾಡಿದ್ದೇನು ಎಂದು ದಕ್ಷಿಣದವರು ಕೇಳಿದರು. ನನಗೆ ಆಗ ಆ ಪ್ರಶ್ನೆ ಕಿರಿಕಿರಿ ಎನಿಸಿತ್ತು.

ಏಪ್ರಿಲ್ 2ರ ಎರಡನೆಯ ಸುತ್ತಿನಲ್ಲಿ ಲೈಟ್‌ಫುಟ್ 50ಕ್ಕೆ 50 ವಾರ್ಡುಗಳಲ್ಲಿ ಗೆದ್ದರು, ಶೇಕಡಾ 74ರ ಹತ್ತಿರ ಮತ. ಮತಗಟ್ಟೆಗೆ ಬಂದವರು ಮಾತ್ರ ನೋಂದಾಯಿತರಲ್ಲಿ ಮೂರನೇ ಒಂದು ಭಾಗ. ಆ 74ರಲ್ಲಿ ಬಹುಪಾಲು ಬರ್ಕ್ ಮೇಲಿನ ಸಿಟ್ಟು. ಸಿಟ್ಟಿನ ಮತವನ್ನು ತನ್ನ ಆಸ್ತಿ ಎಂದುಕೊಂಡದ್ದೇ ಲೈಟ್‌ಫುಟ್ ಅವರ ಮೊದಲ ತಪ್ಪು ಎಂದು ನನ್ನ ಎಣಿಕೆ.

ಪ್ರಮಾಣವಚನದ ದಿನ ಸುಧಾರಣೆಯ ಮಾತು ಬಂದಾಗ ಅವರು ಹಿಂದೆ ಕುಳಿತಿದ್ದ ಆಲ್ಡರ್‌ಮನ್‌ಗಳತ್ತ ತಿರುಗಿ ದಿಟ್ಟಿಸಿ ನೋಡಿದರು. ಸಭೆ ಚಪ್ಪಾಳೆ ಹೊಡೆಯಿತು. ನಾನೂ ಮನೆಯಲ್ಲಿ ಕುಳಿತು ಹೊಡೆದೆ. ಅದೇ ದಿನ, ತಮ್ಮ ವಾರ್ಡಿನ ಪರವಾನಗಿಗಳ ಮೇಲೆ ಆಲ್ಡರ್‌ಮನ್‌ಗಳಿಗಿದ್ದ ಹಿಡಿತವನ್ನು ಸಡಿಲಿಸುವ ಆದೇಶಕ್ಕೆ ಸಹಿ ಹಾಕಿದರು. ಮುಂದಿನ ವಾರ ಮೊದಲ ಕೌನ್ಸಿಲ್ ಸಭೆ. ಆರೋಪ ಹೊತ್ತೂ ಮತ್ತೆ ಗೆದ್ದು ಬಂದಿದ್ದ ಬರ್ಕ್ ಎದ್ದು ನಿಂತು, ನಿಯಮಾವಳಿಯಲ್ಲಿ ಎಲ್ಲ ಕಡೆ 'ಅವನು' ಎಂದಿದೆ, 'ಅವಳು' ಇಲ್ಲ ಎಂದು ತಕರಾರು ತೆಗೆದರು. ಐವತ್ತು ವರ್ಷ ಆ 'ಅವನು'ವಿನ ನೆರಳಿನಲ್ಲಿ ಆರಾಮವಾಗಿದ್ದ ಮನುಷ್ಯ! ಬರ್ಕ್ ಬಾಯಿಯನ್ನು ಲೈಟ್‌ಫುಟ್ ಮುಚ್ಚಿಸಿದರು. ಅದೂ ಖುಷಿಯಾಗಿತ್ತು. ಆದರೆ ಕೌನ್ಸಿಲ್‌ನಲ್ಲಿ 50 ಮಂದಿ ಇದ್ದಾರೆ, ಎಲ್ಲರೂ ಬರ್ಕ್ ಅಲ್ಲ. ಲೈಟ್‌ಫುಟ್ ಎಲ್ಲರನ್ನೂ ಪ್ರಾಸಿಕ್ಯೂಟರ್ ಕಟಕಟೆಯನ್ನು ನೋಡುವ ಹಾಗೆ ನೋಡಿದರು. ನಾಲ್ಕು ವರ್ಷ ಆ ನೋಟ ಬದಲಾಗಲಿಲ್ಲ. 2019ರ ಅಕ್ಟೋಬರ್‌ನಲ್ಲಿ ಶಿಕ್ಷಕರ ಮುಷ್ಕರದಿಂದ 11 ದಿನ ಶಾಲೆ ನಡೆಯಲಿಲ್ಲ. ಶಾಲಾ ಮಂಡಳಿಯನ್ನು ಜನರೇ ಆರಿಸಲಿ ಎಂದು ಪ್ರಚಾರದಲ್ಲಿ ಹೇಳಿದವರು ಗೆದ್ದ ಮೇಲೆ ಅದಕ್ಕೇ ಅಡ್ಡ ನಿಂತರು. 2021ರಲ್ಲಿ ರಾಜ್ಯ ಸರಕಾರ ಅವರನ್ನು ಬದಿಗಿಟ್ಟು ಕಾನೂನು ಮಾಡಿತು.

ನನ್ನ ಮನಸ್ಸು ಮುರಿದದ್ದು ಬೇರೆಯದಕ್ಕೆ. 2019ರ ಫೆಬ್ರವರಿಯಲ್ಲಿ, ಇವರು ಮೇಯರ್ ಆಗುವ ಮೊದಲು, ಪೊಲೀಸರು ತಪ್ಪು ವಿಳಾಸದ ಮನೆಗೆ ನುಗ್ಗಿ, ಬಟ್ಟೆ ಬದಲಾಯಿಸುತ್ತಿದ್ದ ಕಪ್ಪು ಸಮಾಜಸೇವಕಿಯೊಬ್ಬರಿಗೆ ಬೆತ್ತಲೆ ಸ್ಥಿತಿಯಲ್ಲೇ ಕೈಕೋಳ ತೊಡಿಸಿದ್ದರು. 2020ರ ಡಿಸೆಂಬರ್‌ನಲ್ಲಿ ಟಿವಿಯವರು ಆ ವಿಡಿಯೋ ತೋರಿಸಲು ಹೊರಟಾಗ ನಗರಾಡಳಿತದ ವಕೀಲರು ಅದನ್ನು ತಡೆಯಲು ನ್ಯಾಯಾಲಯಕ್ಕೆ ಹೋದರು. ತನಗೆ ಈಗಷ್ಟೇ ಗೊತ್ತಾಯಿತು ಎಂದು ಮೇಯರ್ ಮೊದಲು ಹೇಳಿದರು. ಒಂದು ವರ್ಷದ ಹಿಂದೆಯೇ ಸಿಬ್ಬಂದಿ ತಿಳಿಸಿದ್ದರು ಎಂದು ಆಮೇಲೆ ಒಪ್ಪಿಕೊಂಡರು. ಮುಚ್ಚಿಟ್ಟ ಒಂದು ವಿಡಿಯೋದ ಬೆಂಕಿಯಲ್ಲಿ ಹೆಸರು ಮಾಡಿದವರ ಕಚೇರಿಯಲ್ಲೇ ಇನ್ನೊಂದು ವಿಡಿಯೋ ಮುಚ್ಚಿಡುವ ಕೆಲಸ ನಡೆದಿತ್ತು.

ಈಗ ನನ್ನ ವಾದದ ಗಂಟಿಗೆ ಬರುತ್ತೇನೆ. ಆ ಮಹಿಳೆಗಾದ ಅವಮಾನ ದಕ್ಷಿಣದವರಿಗೆ ನಮಗಿಂತ ಹೆಚ್ಚು ನೋವು ಕೊಟ್ಟಿರಬೇಕಲ್ಲವೇ? 2020ರಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಪ್ರತಿಭಟನೆಯ ನಡುವೆ, ಜನ ದಾಟದಂತೆ ನದಿಯ ಸೇತುವೆಗಳನ್ನು ಮೇಲೆತ್ತಿಸಿದ ಮೇಯರ್ ಇವರೇ. ಕೊಲೆಗಳ ಸಂಖ್ಯೆ ಏರಿದ ವರ್ಷಗಳಲ್ಲಿ ಹೆಣ ಬಿದ್ದದ್ದು ಹೆಚ್ಚಾಗಿ ಅವರ ಬೀದಿಗಳಲ್ಲೇ. ಬಿಟ್ಟುಹೋಗಲು ಅವರಿಗೆ ನಮಗಿಂತ ಹೆಚ್ಚು ಕಾರಣಗಳಿದ್ದವು.

2023ರ ಫೆಬ್ರವರಿ 28ರಂದು ಲೈಟ್‌ಫುಟ್ ಅವರಿಗೆ ಬಂದದ್ದು ಶೇಕಡಾ 17ರ ಹತ್ತಿರ. ಎರಡೂ ಸಲ ಮತಗಳು ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ. ಮೊದಲ ಸಲ ಅಷ್ಟೇ ಮತ ಅವರನ್ನು ಮೊದಲ ಸ್ಥಾನದಲ್ಲಿ ಕೂರಿಸಿತ್ತು, ಈ ಸಲ ಮೂರನೆಯ ಸ್ಥಾನಕ್ಕೆ ತಳ್ಳಿತು. ಮುಂದಿದ್ದ ಇಬ್ಬರು ಅಭ್ಯರ್ಥಿಗಳಲ್ಲಿ ಪಾಲ್ ವಾಲಾಸ್ ಶೇಕಡಾ 33, ಬ್ರ್ಯಾಂಡನ್ ಜಾನ್ಸನ್ 22ರ ಹತ್ತಿರ. ಆಯ್ಕೆಯಾಗಿ ಬಂದ ಮೇಯರ್ ಮರುಚುನಾವಣೆಯಲ್ಲಿ ಸೋತದ್ದು ನಲವತ್ತು ವರ್ಷಗಳಲ್ಲಿ ಅದೇ ಮೊದಲು. ಸಂಖ್ಯೆ ಹೆಚ್ಚುಕಡಿಮೆ ಅದೇ, ಆದರೆ ಜನ ಅವರಲ್ಲ. ನಮ್ಮ ಉತ್ತರದ ದಂಡೆಯ ವಾರ್ಡುಗಳು ವಾಲಾಸ್ ಮತ್ತು ಜಾನ್ಸನ್ ನಡುವೆ ಹಂಚಿಹೋದವು. ಲೈಟ್‌ಫುಟ್ ಮುಂದಿದ್ದ ವಾರ್ಡುಗಳು ದಕ್ಷಿಣ ಮತ್ತು ಪಶ್ಚಿಮದವು, ಕಪ್ಪು ಸಮುದಾಯದವು. ಕರಪತ್ರ ಹಂಚಿದ್ದ ಕಡೆಯವರು ಉಳಿದರು, ಬಾವುಟ ಕಟ್ಟಿದ್ದ ಕಡೆಯವರು ಹೋದರು.

ಜನಾಂಗ ನೋಡಿ ಹಾಕಿದ ಮತ ಅಷ್ಟೇ ಎನ್ನುವವರಿದ್ದಾರೆ. ವಾಲಾಸ್ ಬಿಳಿಯರು, ನಿಜ. ಆದರೆ ಜಾನ್ಸನ್ ಕಪ್ಪು, ವಿಲ್ಲಿ ವಿಲ್ಸನ್ ಕಪ್ಪು, ಇನ್ನೂ ಕೆಲವರಿದ್ದರು. ಜಾನ್ಸನ್ ಪಾದ್ರಿಯ ಮಗ. ಹೆಂಡತಿ ಮಕ್ಕಳಿರುವ ಕಪ್ಪು ಗಂಡಸೇ ಬೇಕೆಂದಿದ್ದರೆ ಆಯ್ಕೆಗೆ ಬರವಿರಲಿಲ್ಲ. ಆ ವಾರ್ಡುಗಳ ಜನ ಲೈಟ್‌ಫುಟ್ ಅವರನ್ನು ಉಳಿಸಿಕೊಂಡದ್ದಕ್ಕೆ ನನಗೆ ಕಾಣುವ ಕಾರಣಗಳು ತೀರಾ ನೆಲಮಟ್ಟದವು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಸತ್ತವರಲ್ಲಿ ನೂರಕ್ಕೆ 70ರಷ್ಟು ಕಪ್ಪುಜನ, ನಗರದಲ್ಲಿ ಅವರಿರುವುದು 30 ಮಾತ್ರ ಎಂಬ ಅಂಕಿಯನ್ನು ಮೇಯರ್ ತಾವೇ ಮುಂದೆ ನಿಂತು ಹೇಳಿದರು. ಆಮೇಲೆ ಲಸಿಕೆಯನ್ನು ಆ ಬಡಾವಣೆಗಳಿಗೇ ಮೊದಲು ಕಳಿಸಿದರು. ದಕ್ಷಿಣ ಮತ್ತು ಪಶ್ಚಿಮದ 10 ಬಡಾವಣೆಗಳನ್ನು ಹೆಸರಿಸಿ, ದಶಕಗಳಿಂದ ಬೀಗ ಬಿದ್ದ ಅಂಗಡಿಬೀದಿಗಳಿಗೆ ನಗರದ ಹಣ ಹರಿಸುವ ಯೋಜನೆ ತಂದರು. ಇಲ್ಲಿ ಕುಳಿತವರಿಗೆ ಅದು ಪತ್ರಿಕೆಯ ಒಳಪುಟದ ಸುದ್ದಿಯಾಗಿತ್ತು.

ಚರ್ಚಿನವರು ಎಂದು ಮೂಗು ಮುರಿಯುವವರಿಗೆ ಇನ್ನೊಂದು ಹಳೆಯ ಸಂಗತಿ. ಮನೆ, ಕೆಲಸ ಕೊಡುವಾಗ ಸಲಿಂಗಿಗಳಿಗೆ ಭೇದ ಮಾಡಬಾರದು ಎಂಬ ನಿಯಮವನ್ನು ಈ ನಗರ ಒಪ್ಪಿದ್ದು 1988ರಲ್ಲಿ. ಅದಕ್ಕಾಗಿ ಮೊದಲು ಹೆಣಗಿದವರು ಹೆರಾಲ್ಡ್ ವಾಷಿಂಗ್ಟನ್, ಶಿಕಾಗೋದ ಮೊದಲ ಕಪ್ಪು ಮೇಯರ್. 1986ರಲ್ಲಿ ಕೌನ್ಸಿಲ್ ಅದನ್ನು ಸೋಲಿಸಿತು. ಮುಂದಿನ ವರ್ಷ ಅವರು ತೀರಿಕೊಂಡರು. ಕೊನೆಗೆ ಅದು ಪಾಸಾದದ್ದು ಅವರ ನಂತರ ಬಂದ ಯೂಜಿನ್ ಸಾಯರ್ ಕಾಲದಲ್ಲಿ. ಅವರೂ ಕಪ್ಪು, ದಕ್ಷಿಣದ ವಾರ್ಡಿನವರು.

ಸೋತ ಮೇಲೆ, ನಿಮಗೆ ಅನ್ಯಾಯವಾಯಿತೇ ಎಂದು ಕೇಳಿದಾಗ, ನಾನು ಅಮೆರಿಕದಲ್ಲಿರುವ ಕಪ್ಪು ಹೆಂಗಸು, ಆಗಿಯೇ ಇರುತ್ತದೆ ಎಂಬರ್ಥದ ಮಾತು ಹೇಳಿದರು ಲೈಟ್‌ಫುಟ್. ನಮ್ಮ ಕಡೆಯವರಿಗೆ ಅದು ಹಿಡಿಸಲಿಲ್ಲ, ಸೋಲಿಗೆ ನೆಪ ಎಂದರು. ನಾನೂ ಆಗ ಹಾಗೆಯೇ ಅಂದೆ. ಅವರ ಆಡಳಿತದ ಬಗ್ಗೆ ನನ್ನ ದೂರುಗಳು ಇಂದಿಗೂ ಹಾಗೆಯೇ ಇವೆ, ಒಂದನ್ನೂ ಹಿಂತೆಗೆದುಕೊಳ್ಳುತ್ತಿಲ್ಲ. ಆದರೆ ಇಮ್ಯಾನ್ಯುಯಲ್ ಕಾಲದಲ್ಲಿ ಒಂದು ವಿಡಿಯೋ ಕತ್ತಲಲ್ಲಿ ಕೊಳೆಯುತ್ತಿದ್ದಾಗಲೇ 2015ರಲ್ಲಿ ಅವರನ್ನು ಎರಡನೆಯ ಸಲ ಗೆಲ್ಲಿಸಿದ ಊರು ಇದು. ಬಾಯಿ ಜೋರು, ಜಗಳಗಂಟ ಎಂಬ ಮಾತು ಇಮ್ಯಾನ್ಯುಯಲ್ ಬಗ್ಗೆಯೂ ಇತ್ತು, ಅವರಲ್ಲಿ ಅದು ಗತ್ತು ಎನಿಸಿಕೊಂಡಿತ್ತು.

ನಮ್ಮ ಬೀದಿಯಲ್ಲಿ ಈಗಲೂ ಐದಾರು ಮನೆಗಳ ಮುಂದೆ ಕಾಮನಬಿಲ್ಲಿನ ಬಾವುಟ ಹಾರುತ್ತದೆ. ಅದರಲ್ಲಿ ಒಂದು ನಮ್ಮ ಮನೆಯದು, 2019ರಲ್ಲಿ ಕಟ್ಟಿದ್ದು. ಬಣ್ಣ ಮಾಸಿದೆ, ಒಂದು ಅಂಚು ಹರಿದಿದೆ. ಈ ಸಲ ಬದಲಾಯಿಸಬೇಕು.