ಧಣಿಯ ಮನೆ

ಲೋಕದಲ್ಲಿ ಮನೆ ಕಾಯಲು ನಾಯಿ ಸಾಕುತ್ತಾರೆ. ನಾವು ನಾಯಿ ಸಾಕಲು ಮನೆ ಕೊಂಡೆವು. ‘ತಲೆ ನೆಟ್ಟಗಿದೆಯೇನೋ ನಿಂಗೆ?’ ಎಂದು ಅಮ್ಮ ಫೋನಿನಲ್ಲಿ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಮಡಿಕೇರಿಯಲ್ಲಿ ಒಂಬತ್ತು ವರ್ಷ, ಮೂರು ಬಾಡಿಗೆ ಮನೆ. ಮಾಲೀಕರು ಮೂವರೂ ಸಜ್ಜನರೇ. ಬಾಡಿಗೆ ನಾಲ್ಕು ದಿನ ತಡವಾದರೂ ಕೇಳುತ್ತಿರಲಿಲ್ಲ, ಕಿತ್ತಳೆ ಕಾಲದಲ್ಲಿ ಬುಟ್ಟಿ ತುಂಬಿಸಿ ಕಳಿಸುತ್ತಿದ್ದರು. ನಾಯಿ ಎಂದೊಡನೆ ಮಾತ್ರ ಮುಖ ಬಿಗಿಯುತ್ತಿತ್ತು. ಮೂರನೆಯವರದು ನ್ಯಾಯವೇ: ಜನವರಿಯಲ್ಲಿ ಅವರ ಅಂಗಳವೇ ಕಾಫಿ ಕಣ. ಹರವಿದ ಕಾಫಿಗೆ ನಾಯಿ ಕಾಲೆತ್ತಿದರೆ? ಅದೇ ಕಾಫಿ ಕುಡಿಯುತ್ತಿದ್ದ ನಾನು ಏನು ವಾದ ಮಾಡಲಿ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರುವುದಿಲ್ಲ ಎಂದು ಧರ್ಮರಾಯ ಹಟ ಹಿಡಿದನಂತೆ. ಅವನು ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿರಲಿಲ್ಲ, ಬಿಡಿ.

ಮನೆ ತೋರಿಸುವ ದಲ್ಲಾಳಿಗೆ ನಾವು ತಲೆನೋವಾದೆವು. ಅವರು ‘ಮೇಡಂ, ಪೂರ್ವದ ಬಾಗಿಲು’ ಎನ್ನುವಾಗ ನನ್ನ ಹೆಂಡತಿ ಮೊಣಕಾಲೂರಿ ಗೇಟಿನ ಕೆಳಗಿನ ಸಂದಿಗೆ ಗೇಣು ಹಾಕುತ್ತಿದ್ದಳು, ಮರಿ ನುಸುಳೀತೇ ಎಂದು. ನಾನು ಹಿತ್ತಲಿಗೆ ಹೋಗಿ ಬರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಗೋಡೆ, ನೋಡುತ್ತಿದ್ದೆ. 2018ರ ಆಗಸ್ಟ್‌ನ ಭೂಕುಸಿತ ಕಂಡವರು ಇಲ್ಲಿ ಮನೆಯ ಮುಂಭಾಗ ನೋಡಿ ಮರುಳಾಗುವುದಿಲ್ಲ. ಮನೆ ಕಟ್ಟಲು ಗುಡ್ಡವನ್ನು ಎಷ್ಟು ಕಡಿದಿದ್ದಾರೆ, ನೀರು ಎಲ್ಲಿ ಜಿನುಗುತ್ತಿದೆ, ಮೇಲೆ ಮರ ಉಳಿದಿದೆಯೇ ಎಂದು ನೋಡುತ್ತಾರೆ. ಬರೆಯೇ ಇಲ್ಲದ, ಆರು ಸೆಂಟಿನ, ಹಳೆಯ ಹೆಂಚಿನ ಮನೆಯೊಂದು ಕೊನೆಗೆ ಸಿಕ್ಕಿತು. ಸೋರುತ್ತದೆ ಎಂದು ಮಾರುವವರೇ ಹೇಳಿದರು.

ಬ್ಯಾಂಕು ಬೆಲೆಯ ಶೇ 80ರಷ್ಟು ಕೊಟ್ಟಿತು. ಉಳಿದದ್ದಕ್ಕೆ ನನ್ನ ಪಿ.ಎಫ್., ಅವಳ ಬಳೆ. ಅರ್ಜಿಯಲ್ಲಿ ಉದ್ದೇಶ ಕೇಳಿದ ಕಡೆ ‘ಸ್ವಂತ ವಾಸಕ್ಕೆ’ ಎಂದು ಬರೆದೆ. ಅರ್ಧ ಸುಳ್ಳು. ಅಂದು ರಾತ್ರಿ ಕಂತಿನ ಪಟ್ಟಿಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಹಾಕಿದೆ: ಸಾಲಕ್ಕೆ 20 ವರ್ಷ, ನಾಯಿಗೆ ಹೆಚ್ಚೆಂದರೆ ಹದಿಮೂರೋ ಹದಿನಾಲ್ಕೋ. ಅದನ್ನು ಅವಳಿಗೆ ತೋರಿಸಲಿಲ್ಲ.

ಮರಿ ಬಂದದ್ದು ತೋಟದ ಕಾರ್ಮಿಕರ ಲೈನ್‌ಮನೆಯಿಂದ, ಹಳೆಯ ಟವೆಲಿನಲ್ಲಿ. ಕಂತು ಕಟ್ಟುವವರು ನಾವು, ಮನೆ ಅವನದು. ‘ಧಣಿ’ ಎಂದು ಹೆಸರಿಟ್ಟೆವು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದಾಗ ಅವನಿಗಿಂತ ಹೆಚ್ಚು ಅತ್ತವಳು ನನ್ನ ಹೆಂಡತಿ. ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಗುವ ಸೀಮೆ ಇದು. ಹಾಗಾಗಿ ಕತ್ತಲಾದ ಮೇಲೆ ಚಿಲಕ ಹಾಕಿ, ಸಣ್ಣ ಸದ್ದಿಗೂ ಎದ್ದು ಕೂತು ಕಾಯುವವರು ನಾವು. ಧಣಿ ಗೊರಕೆ ಹೊಡೆಯುತ್ತಾನೆ.

ಈಗ ಕೊಡವರ ಕಕ್ಕಡ ತಿಂಗಳ ಮಳೆ. ಯಾವ ಅಂಗಳಕ್ಕಾಗಿ ಇಷ್ಟೆಲ್ಲ ಮಾಡಿದೆವೋ ಅದನ್ನು ಧಣಿ ಹೊಸ್ತಿಲಲ್ಲಿ ನಿಂತು ನೋಡುತ್ತಾನೆ, ಒಂದು ಕಾಲು ಹೊರಗಿಟ್ಟು ಝಾಡಿಸುತ್ತಾನೆ, ತಿರುಗಿ ಒಲೆಯ ಹತ್ತಿರ ಹೋಗಿ ಮಲಗುತ್ತಾನೆ. ಆಮೇಲೆ ಜಗಲಿಯ ಕಂಬಕ್ಕೆ ಕಾಲೆತ್ತುತ್ತಾನೆ. ದಾರಿ ತೋರಿಸೋಣವೆಂದು ಇವತ್ತು ಬೆಳಿಗ್ಗೆ ನಾನೇ ಕೊಡೆ ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ. ‘ಬಾರೋ ಧಣಿ, ಬಾ ಮರೀ.’ ಅವನು ಬರಲಿಲ್ಲ. ಒಳಗೆ ಬಂದು ನೋಡಿಕೊಂಡರೆ ಹಿಮ್ಮಡಿಯ ಮೇಲೆ ಎರಡು ಜಿಗಣೆ.

‘ಉಪ್ಪು ಕೊಡೇ’ ಎಂದೆ. ಧಣಿ ಮೂಸಿ ನೋಡಿ, ಸೀನಿ, ಒಲೆಯ ಕಡೆಗೆ ಹೋದ.